ನಡುವಿನ ಮಹಡಿಯ ತೂತು
ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯ ದಿನ ಮೊದಲ ಸಲ ಮನೆ ಬಿಟ್ಟವನು ನಾನು. ಆಮೇಲೆ ಎಲ್ಲೂ ನೆಟ್ಟಗೆ ನಿಂತಿಲ್ಲ. ಈಗ ಮನೆಮನೆಗೆ ವೈಫೈ ಕೂರಿಸ್ತೀನಿ.

ಜೋಗುಪಾಳ್ಯದಲ್ಲಿ ಅಣ್ಣತಮ್ಮ ಇಬ್ಬರ ಮೂರು ಅಂತಸ್ತಿನ ಒಂದು ಮನೆ. ಇಂಟರ್ನೆಟ್ ಲೈನ್ ಕೆಳಗೆ, ಅಣ್ಣನ ಮನೆಯಲ್ಲಿ. ಮೇಲಿನ ಮಹಡಿಯಲ್ಲಿ ಕೂತು ಆಫೀಸ್ ಕೆಲಸ ಮಾಡುವ ಅವರ ಮಗಳಿಗೆ ಸಿಗ್ನಲ್ ಸಿಗದೆ ಕೆಲಸಕ್ಕೇ ಕುತ್ತು ಬಂದಿತ್ತು. ಅಲ್ಲೊಂದು ವೈಫೈ ಡಬ್ಬಿ ಇಟ್ಟು, ಅದಕ್ಕೆ ಕೆಳಗಿಂದ ಕೇಬಲ್ ಎಳೆಯಬೇಕು. ಹೊರಗಿಂದ ಎಳೆಯೋಣ ಅಂದರೆ ಪಕ್ಕದ ಮನೆ ಗೋಡೆ ಅಂಟಿಕೊಂಡಿದೆ. ನಡುವಿನ ಮಹಡಿಯಲ್ಲಿ ತಮ್ಮ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು.

"ಸಾರ್, ನಿಮ್ಮ ಮನೇಲಿ ಎರಡು ತೂತು ಹಾಕ್ಬೇಕು," ಅಂದೆ ತಮ್ಮನಿಗೆ.

"ಬಂದು ಕೇಳಕ್ಕೆ ಅವನಿಗೇನು ರೋಗ? ಹಾಕು. ಆದ್ರೆ ನಮಗೂ ಒಂದು ಡಬ್ಬಿ ಇಡ್ಬೇಕು."

ಅಣ್ಣ ಒಪ್ಪಿದರು. "ಇಡಪ್ಪ. ಪಾಸ್‌ವರ್ಡ್ ಮಾತ್ರ ನೀನು ಹೇಳಂಗಿಲ್ಲ. ಅವನೇ ಬಾಯಿ ಬಿಟ್ಟು ಕೇಳ್ಲಿ."

ಕೆಲಸ ಮುಗಿಯಿತು. ಮೇಲೆ ಹುಡುಗಿಯ ಮೀಟಿಂಗ್ ಸಲೀಸಾಗಿ ನಡೆಯಿತು. ತಮ್ಮ ಒಂದಷ್ಟು ಹೊತ್ತು ಫೋನ್ ದಿಟ್ಟಿಸಿ, ಎದ್ದು ಬಂದು ಮೆಟ್ಟಿಲ ಮೇಲೆ ನಿಂತರು. ಕೆಳಗಿಳಿಯಲಿಲ್ಲ.

"ಏನಂತೆ ಪಾಸ್‌ವರ್ಡು?"

"ಯಾರು ಕೇಳ್ತಿರೋದು?" ಅಣ್ಣನೂ ಕುರ್ಚಿ ಬಿಡಲಿಲ್ಲ.

"ನಾನೇ ಕಣಣ್ಣ. ಹೇಳು."

ಅಣ್ಣ ಒಂದೊಂದೇ ಅಕ್ಷರ ಕೂಗಿ ಹೇಳಿದರು. "ಕೇಳಿಸ್ಲಿಲ್ಲ" ಅಂದರು ತಮ್ಮ. ಅಣ್ಣ ಇನ್ನೂ ಜೋರಾಗಿ ಕೂಗಿದರು. ಎದುರುಮನೆ ಬಾಲ್ಕನಿಯಲ್ಲಿ ಇಬ್ಬರು ಫೋನ್ ತೆಗೆದು ಅದನ್ನೇ ಒತ್ತತೊಡಗಿದರು.

ಪಾಸ್‌ವರ್ಡ್ ಬದಲಾಯಿಸಿ ಅಂತ ನಾನಂದರೆ, ಹೊಸದನ್ನು ಮತ್ತೆ ಕೇಳೋರು ಯಾರು, ಹೇಳೋರು ಯಾರು. ನಾನು ಡ್ರಿಲ್ಲು, ಏಣಿ ಕಟ್ಟಿಕೊಂಡು ಬೇಗ ಹೊರಟೆ.