ಅಕ್ಕಿ ಆರಿಸುವ ಯಂತ್ರಕ್ಕೆ ಎಂಥ ಲಾಕು

ಯಂತ್ರದ ಕೋಡಿನಲ್ಲಿ ಎಲ್ಲ ಕಡೆ ಸ್ಪಿನ್‌ಲಾಕ್ ಎಂಬ ಬೀಗ ಜಡಿದ ಮಹಾನುಭಾವ ನಾನೇ. ಮಾನ್ವಿಯ ಗಿರಣಿಯವರು "ಮಷಿನ್ ವಾಪಸ್ ಒಯ್ರಿ" ಎಂದು ಫೋನಿನಲ್ಲಿ ಕೂಗಿದಾಗ, ಆ ಕೂಗನ್ನು ಥೇಟ್ ಅನುಕರಿಸಿ ವರ್ಕ್‌ಶಾಪನ್ನೆಲ್ಲ ನಗಿಸಿದವನೂ ನಾನೇ. ತಪ್ಪು ಯಾರದೆಂದು ಆಮೇಲೆ ತಿಳಿಯಿತು.

ರಾಯಚೂರಿನ ನಮ್ಮ ವರ್ಕ್‌ಶಾಪಿನಲ್ಲಿ ಅಕ್ಕಿ ಆರಿಸುವ ಯಂತ್ರಕ್ಕೆ ಕಂಟ್ರೋಲರ್ ಮಾಡುತ್ತೇವೆ. ಕ್ಯಾಮೆರಾ ಕರಿಕಾಳು ಕಂಡ ಕೂಡಲೇ ಗಾಳಿ ಫಟ್ ಎಂದು ಹೊಡೆದು ಅದನ್ನು ಹಾರಿಸಬೇಕು. ಬೀಳುವ ಕಾಳು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಒಳಗೆ ಕೆಲಸಗಳಿಗೆ ಸರದಿ ಹಂಚುವ ರಿಯಲ್‌ಟೈಮ್ ಕರ್ನಲ್ ಇದೆ: ತುರ್ತು ಕೆಲಸ ಬಂದರೆ ಉಳಿದ ಕೆಲಸಗಳು ಎದ್ದು ಜಾಗ ಬಿಡಬೇಕು. ನಾನೋ, ಪರದೆಯ ಮೇಲೆ ಅಂಕಿ ಬರೆಯುವ ನಿಧಾನದ ಕೆಲಸಕ್ಕೂ ಸ್ಪಿನ್‌ಲಾಕ್ ಹಾಕಿದ್ದೆ. ಅದನ್ನು ಹಿಡಿದವನನ್ನು ಎಬ್ಬಿಸುವಂತಿಲ್ಲ. ಅವನು ಬಿಡುವವರೆಗೆ ಇದ್ದೊಂದು ಪ್ರೊಸೆಸರ್ ಅವನದೇ. ಅಂಕಿ ಮೂಡುವಷ್ಟರಲ್ಲಿ ಕರಿಕಾಳು ಒಳ್ಳೆಯ ಅಕ್ಕಿಯೊಳಗೆ ಕೂತಿರುತ್ತಿತ್ತು.

ಯಂತ್ರ ವಾಪಸ್ ಬಂದ ಮೇಲೆ ಪರದೆಯ ಕೆಲಸಕ್ಕೆ ಮ್ಯೂಟೆಕ್ಸ್ ಎಂಬ ಬೇರೆ ಲಾಕು ಹಾಕಿದೆ. ಅದನ್ನು ಹಿಡಿದವನನ್ನು ನಡುವೆಯೇ ಪಕ್ಕಕ್ಕೆ ಸರಿಸಿ ಗಾಳಿಯ ಕೆಲಸ ಓಡಬಹುದು. ಅದೇ ಲಾಕು ಬೇಕಾದವನು ಮಲಗಿ ಕಾಯುತ್ತಾನೆ. ಗಾಳಿಯ ವಾಲ್ವ್ ತೆರೆಯುವ ಎರಡು ಸಾಲು ಕೋಡಿಗೆ ಮಾತ್ರ ಸ್ಪಿನ್‌ಲಾಕ್ ಉಳಿಸಿದೆ. ಅಲ್ಲಿಗೆ ಕ್ಯಾಮೆರಾದ ತುರ್ತು ಕರೆ, ಅಂದರೆ ಇಂಟರಪ್ಟ್, ಕೂಡ ನುಗ್ಗುತ್ತದೆ, ಅದಕ್ಕೆ ಮಲಗಲು ಬಾರದು. ಕಲ್ಲೂರಿನ ಅಕ್ಕಿ ಸುರಿದು ನೋಡಿದರೆ, ಫಟ್ ಫಟ್, ಒಂದೂ ತಪ್ಪಲಿಲ್ಲ.

ಪೇಪರ್ ಹಿಡಿದು ಹಿತ್ತಲ ಪಾಯಖಾನೆಗೆ ಹೊರಟಿದ್ದ ಮಾಲೀಕರು, ನಾನು ಹೊಸ ಲಾಕಿನ ಕತೆ ಹೇಳುವುದು ಕೇಳಿ ನಿಂತರು.

"ಮಲಗೋ ಲಾಕ ಹಾಕೀಯೇನಲೇ? ಹಳೇದು ಗಟ್ಟಿ ಇತ್ತು. ಒಬ್ಬ ಹಿಡದನಂದ್ರ ಉಳದವ್ರು ಅಳ್ಳಾಡಬಾರದು. ತಿರುಗಿ ಅದನ್ನ ಹಾಕು, ಇಲ್ಲಾ ನಾಳಿಂದ ಬರಬ್ಯಾಡ."

"ಹಾಕಂಗಿಲ್ರಿ. ಹಾಕಿದ್ರ ಮಷಿನ್ ವಾಪಸ್ ಬರ್ತದ. ಅದರ ಬದ್ಲಿ ನಾನಽ ಹೋಗ್ತೀನಿ."

"ಈಗ ಯಾರ ದನಿ ತಗದೀಲೇ?"

"ನಂದಽ ರೀ. ಸ್ವಲ್ಪ ನಡಗಾಕತ್ತದ, ಅಷ್ಟ."

ಯಾರೂ ನಗಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ, ಕೋಡ್ ಮಾತ್ರ ಮುಟ್ಟಲಿಲ್ಲ.

ಯಂತ್ರ ಮರುದಿನ ನನ್ನ ಲಾಕಿನೊಂದಿಗೇ ಮಾನ್ವಿಗೆ ಹೋಯಿತು, ಮರಳಿ ಬರಲಿಲ್ಲ; ನಾನೂ ಕೆಲಸದಲ್ಲೇ ಉಳಿದೆ. ನನ್ನ ಶೌರ್ಯದಿಂದ ಅಂದುಕೊಳ್ಳಬೇಡಿ. ದೇವದುರ್ಗದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಹಿರಿಯ ಎಂಜಿನಿಯರ್ ಅಕ್ಕ, ನಾನು ಬಾಗಿಲು ದಾಟುವ ಮೊದಲೇ, ತಲೆಯೆತ್ತದೆ ಮಾಲೀಕರನ್ನು ಕೇಳಿದ್ದರು:

"ಸರ್, ನೀವು ಪಾಯಖಾನಿಗಿ ಹೋದಾಗ ಅದರ ಚಿಲಕ ಅಷ್ಟ ಹಾಕ್ತೀರೋ, ಇಡೀ ಅಂಗಡಿ ಶಟರ್ ಎಳದು ಹೋಗ್ತೀರೋ?"