ಲಾಳದ ಮೊಳೆಯ ಹಸಿರು

ಮಳೆಗಾಲದಲ್ಲಿ ದಾಂಡೇಲಿಯ ಮನೆಗಳಲ್ಲೆಲ್ಲ ಒಂದೇ ಪದ್ಧತಿ. ಉಪ್ಪು, ಹಪ್ಪಳ, ಕಡ್ಡಿಪೆಟ್ಟಿಗೆ, ಒದ್ದೆಯಾಗಬಾರದ್ದೆಲ್ಲ ಒಲೆಯ ಮೇಲಿನ ಹಲಗೆಗೆ. ಅರವತ್ತರ ದಶಕದ ಮೊದಲಲ್ಲಿ ನಾನು ಓದುತ್ತಿದ್ದ ಹೈಸ್ಕೂಲಿನಲ್ಲಿ ಚಹಾ ಕಾಸುತ್ತಿದ್ದ ಮುದುಕಿ ಆಯಿಯೂ ಹಾಗೇ ಮಾಡಿದಳು. ಪ್ರಯೋಗಶಾಲೆಯ ಬರಣಿಯಲ್ಲಿ ಫೆರಸ್ ಸಲ್ಫೇಟಿನ ಹಸಿರು ಹರಳು ಬೆವೆತದ್ದು ಕಂಡು, ಪಾಪ, ಮುಚ್ಚಳ ತೆಗೆದು ಚಹಾದ ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಹಸಿರೆಲ್ಲ ಹೋಗಿ ತುಕ್ಕುಬಣ್ಣದ ಪುಡಿ ಉಳಿಯಿತು.

ಇದು ತಿಳಿದದ್ದು ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ. ಅವರು ಆ ಹರಳಿನದೇ ಪ್ರಯೋಗ ನೋಡಿ ಒಪ್ಪಿದರಷ್ಟೇ ನಮ್ಮಲ್ಲಿ ವಿಜ್ಞಾನದ ತರಗತಿ ಉಳಿಯುವುದು. ಇಲ್ಲವಾದರೆ ಧಾರವಾಡಕ್ಕೆ ಹೋಗಬೇಕು. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಹುಡಿಗಿನ್ನ ಧಾರವಾಡಕ್ಕ ಕಳಸಂಗಿಲ್ಲ. ಇಲ್ಲಿದ್ರ ಓದ್ಲಿ, ಇಲ್ಲಾಂದ್ರ ಸಾಕು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆಯಿಯ ಮೇಲೆ ಹರಿಹಾಯ್ದೆ. ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಮಾತ್ರ ಬರಣಿಯನ್ನು ಪಕ್ಕಕ್ಕಿಟ್ಟು, "ಆಯಿ, ನಾಟಾ ಡಿಪೋದಾಗ ಎತ್ತಿಗೆ ಲಾಳಾ ಹೊಡಿತಾರಲ್ಲ, ಅಲ್ಲಿಂದ ಒಂದ್ ಮುಷ್ಟಿ ಮೊಳಿ ತರ್ರಿ" ಎಂದರು.

ಮೊಳೆಗಳನ್ನು ಮರಳಿನಲ್ಲಿ ಉಜ್ಜಿ ತೆಳು ಗಂಧಕಾಮ್ಲಕ್ಕೆ ಹಾಕಿದೆವು. ಸಣ್ಣ ಗುಳ್ಳೆಗಳೆದ್ದವು. ಸಂಜೆಗೆ ನೀರು ಎಳೆ ಹೀರೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕಬ್ಬಿಣದಂಥ ಕಬ್ಬಿಣದಿಂದ ಇಂಥ ನಾಜೂಕಿನ ಹಸಿರು! ಮುಂದೆ ಎಷ್ಟೋ ಲವಣ ಕಂಡೆ, ಇದರಷ್ಟು ಚೆಲುವಾದದ್ದನ್ನು ಕಾಣಲಿಲ್ಲ. ಗಾಳಿ ತಾಕಿದರೂ ಕೆಂಪಗಾಗುವ ಸ್ವಭಾವ ಅದರದು. ನಾನು ಮೊಳೆ ತೆಗೆಯಹೋದಾಗ ಅಕ್ಕೋರು ತಡೆದರು. "ಇರ್ಲಿ ಬಿಡು. ಕಬ್ಬಿಣ ಒಳಗ ಇರೂತನಕ ಹಸರು ಕೆಡೂದಿಲ್ಲ."

ಮರುದಿನ ಇನ್‌ಸ್ಪೆಕ್ಟರು ಬಂದರು. ಶಾಲೆಯ ಕಮಿಟಿಯಲ್ಲಿದ್ದ ಅಪ್ಪನೂ ಬಂದು ಬಾಗಿಲಲ್ಲಿ ನಿಂತ. ಅಕ್ಕೋರು ಗಾಜಿನ ನಳಿಗೆಯನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಪೆಟ್ಲುಪ್ಪಿನ, ಅಂದರೆ ನೈಟ್ರೇಟಿನ, ನೀರಿಗೆ ನಮ್ಮ ಹಸಿರು ನೀರು ಸೇರಿಸಿ, ನಳಿಗೆ ಓರೆ ಮಾಡಿ, ಗಟ್ಟಿ ಗಂಧಕಾಮ್ಲವನ್ನು ಅಂಚಿನಗುಂಟ ಇಳಿಬಿಡಬೇಕು. ಆಮ್ಲ ಭಾರ, ತಳಕ್ಕಿಳಿಯುತ್ತದೆ. ಅವೆರಡೂ ಕೂಡುವಲ್ಲಿ ಕಂದು ಬಳೆ ಮೂಡಿದರೆ ಪೆಟ್ಲುಪ್ಪಿನ ಗುರುತು ಸಿಕ್ಕಿತು. ಕೈ ಅಲುಗಿದರೆ ಬಳೆಯೂ ಹೋಯಿತು, ನನ್ನ ಓದೂ ಹೋಯಿತು.

ಆಮ್ಲವನ್ನು ಮೆಲ್ಲಗೆ ಇಳಿಬಿಟ್ಟೆ. ಬಳೆ ಮೂಡಿತು, ಅಲ್ಲಾಡದೆ ನಿಂತಿತು. ಕಿಟಕಿಯಾಚೆ ಆಯಿ ಕೈ ಮುಗಿದಳು.

"ಛಲೋ ಬಂತು. ಸಲ್ಫೇಟು ಎಲ್ಲಿಂದ ತರಿಸಿದ್ರಿ?" ಇನ್‌ಸ್ಪೆಕ್ಟರು ಕೇಳಿದರು.

"ಇಲ್ಲೇ ಮಾಡೇವ್ರಿ. ನಮ್ಮ ಆಯಿ ಮೊಳಿ ತಂದಕೊಟ್ರು" ಎಂದೆ ನಾನು.

ಅವರು ನಕ್ಕು, ತರಗತಿ ನಡೆಸಿರಿ ಎಂದರು.

ಮನೆಗೆ ಹೋಗುವಾಗ ಅಪ್ಪ ಎತ್ತಿಗೆ ಲಾಳ ಹೊಡೆಯುವಲ್ಲಿ ನಿಂತು, ಕೆಸರಿನಿಂದ ಒಂದು ಮೊಳೆ ಹೆಕ್ಕಿ, ಧೋತರದ ಅಂಚಿಗೆ ಒರೆಸಿ ನನ್ನ ಕೈಯಲ್ಲಿಟ್ಟ.

"ಇದರ ಮುಂದಿಂದು ಧಾರವಾಡದಾಗ ಕಲಸ್ತಾರೇನು?" ಅಂತ ಕೇಳಿದ.