ಇಂಜಿನ್ನಿಗೆ ಹಾಕಿದ ಕೊಸರು

ಮಧುಗಿರಿಯಲ್ಲಿ ನಮ್ಮದು ಕಡಲೆಕಾಯಿ ಎಣ್ಣೆಯ ಗಿರಣಿ ಇದ್ದ ಮನೆ. ಅಂಥ ಮನೆಯಲ್ಲಿ ಎಣ್ಣೆಯನ್ನು ಯಾರೂ ಅಳತೆಗೆ ಸರಿಯಾಗಿ ಹಾಕಿ ನಿಲ್ಲಿಸುವುದಿಲ್ಲ. ಪಾವು ತುಂಬಿದ ಮೇಲೂ ಕೈ ಒಂದಿಷ್ಟು ಬಾಗಿ, ಇನ್ನೊಂದು ಧಾರೆ ಗಿರಾಕಿಯ ಪಾತ್ರೆಗೆ ಬೀಳಲೇಬೇಕು. ಅದು ಕೊಸರು. ಕೊಸರು ಹಾಕದೆ ಕಳಿಸಿದರೆ, ಅಳತೆ ಎಷ್ಟೇ ಸರಿಯಿದ್ದರೂ, ಅವರ ಕೈ ಬಿಗಿ ಎಂಬ ಮಾತು ಸಂತೆಯವರೆಗೆ ಹೋಗುತ್ತದೆ. ನನ್ನ ಚಿಕ್ಕಪ್ಪನನ್ನು ಚಿಕ್ಕಂದಿನಲ್ಲೇ ಶಾಲೆ ಬಿಡಿಸಿ ಎಣ್ಣೆ ಡಬ್ಬದ ಮುಂದೆ ಕೂರಿಸಿದ್ದರು. ಅವನ ಮಣಿಕಟ್ಟು ಆ ಬಾಗುವಿಕೆಯನ್ನು ಕಲಿತದ್ದು ಅಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಜಗಳವೆಲ್ಲ ಹುಟ್ಟಿದ್ದು ಆ ಮಣಿಕಟ್ಟಿನಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ಚಿಕ್ಕಪ್ಪನ ಬಳಿ ಒಂದು ಕಾರಿತ್ತು. ಇಬ್ಬರು ಕೂರುವ, ಮೇಲೆ ಮುಚ್ಚಿಗೆಯಿಲ್ಲದ, ನೆಲಕ್ಕೆ ಹೊಟ್ಟೆ ತಾಗಿಸುವಂಥ ಸಣ್ಣ ವಿಲಾಯತಿ ಕಾರು. ಕಾಫಿ ತೋಟದ ದೊರೆಯೊಬ್ಬ ದೇಶ ಬಿಡುವಾಗ ಬೆಂಗಳೂರಿನಲ್ಲಿ ಮಾರಿ ಹೋದದ್ದು. ಎಷ್ಟು ಹಗುರವೆಂದರೆ, ಮರಳಿನಲ್ಲಿ ಹೂತುಕೊಂಡರೆ ಗಿರಣಿಯ ಆಳುಗಳು ಅನಾಮತ್ತಾಗಿ ಎತ್ತಿ ಆಚೆ ಇಡುತ್ತಿದ್ದರು. ಮನೆ, ಗಿರಣಿ, ಹೊಲ ಎಲ್ಲವೂ ಅಪ್ಪನ ಮಾತಿನಂತೆ ನಡೆಯುತ್ತಿದ್ದವು. ಇದು ಚಿಕ್ಕಪ್ಪನದು ಎಂದು ಬೆರಳು ತೋರಿಸಿ ಹೇಳಬಹುದಾಗಿದ್ದದ್ದು ಆ ಕಾರೊಂದೇ.

ಕಾರಿಗೆ ಒಂದು ಕಾಯಿಲೆ ಇತ್ತು. ಇಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂದು ತೋರಿಸುವ ಗಡಿಯಾರದಂಥ ಬಿಲ್ಲೆಯೊಂದು ಸ್ಟೇರಿಂಗಿನ ಹಿಂದೆ ಇತ್ತು. ಅದರ ಮುಳ್ಳು ಇದ್ದಕ್ಕಿದ್ದ ಹಾಗೆ ಕುಸಿಯುತ್ತಿತ್ತು. ಮುಳ್ಳು ಬಿತ್ತೆಂದರೆ ಎಣ್ಣೆ ಹರಿಯುತ್ತಿಲ್ಲ ಎಂದು ಅರ್ಥ. ಹಾಗೇ ಓಡಿಸಿದರೆ ಬೇರಿಂಗು ಕರಗಿ ಇಂಜಿನ್ನು ಬಿಗಿದುಕೊಳ್ಳುತ್ತದೆ. ಒಮ್ಮೆ ಹಾಗಾಗಿ, ಬೆಂಗಳೂರಿನಲ್ಲಿ ಹೇಗೋ ಹುಡುಕಿ ಬೇರಿಂಗು ಹಾಕಿಸಿಯಾಗಿತ್ತು. ವಿಲಾಯತಿಯಿಂದ ಸಾಮಾನು ಬರುವುದು ಆಗಲೇ ನಿಂತಿತ್ತು. ಇನ್ನೊಮ್ಮೆ ಕರಗಿದರೆ ಕಾರು ಗುಜರಿಯೇ.

ನಾನು, ಈ ಮನೆಯ ಮಗಳು, ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದೆ, ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಎದುರಾಳಿಯ ಬಾಯಲ್ಲಿ ‘ಎಲ್ಲರಿಗೂ ಗೊತ್ತಿರುವ ಹಾಗೆ’ ಎಂಬ ಮಾತು ಬಂದ ಕೂಡಲೇ ಎದ್ದು ನಿಂತು ‘ಸಾಕ್ಷಿ?’ ಎನ್ನುವ ಚಟ ಅಂಟಿತ್ತು. ಆ ಚಟವನ್ನು ಹೊತ್ತುಕೊಂಡೇ ಡಿಸೆಂಬರ್ ರಜೆಗೆ ಊರಿಗೆ ಬಂದೆ. ಬಂದ ವಾರವೇ ಚಿಕ್ಕಪ್ಪನ ಜೊತೆ ಪಾವಗಡದ ಕಡೆಗೆ ಕಡಲೆಕಾಯಿ ನೋಡಲು ಹೊರಟೆ. ದಾರಿಯಲ್ಲಿ ಮುಳ್ಳು ಬಿತ್ತು. ಚಿಕ್ಕಪ್ಪ ಇಂಜಿನ್ನು ಆರಿಸಿ, ಕಾರನ್ನು ಹುಣಸೆಮರದ ಕೆಳಗೆ ಉರುಳಿಸಿ ನಿಲ್ಲಿಸಿದ. ತಲೆಯ ಮೇಲೆ ಕಡಲೆಕಾಯಿ ಗಿಡದ ಹೊರೆ ಹೊತ್ತ ಮುದುಕಿಯೊಬ್ಬಳು ನಿಂತು ನೋಡಿದಳು. ನಮ್ಮ ಗಿರಣಿಗೆ ಕಾಯಿ ಹಾಕುವವಳು, ಗುರುತು ಹಿಡಿದು ಆ ಕಡೆಯ ತೆಲುಗು ಬೆರೆಸಿ ಕೇಳಿದಳು.

“ಏಮಿ ನಾಯನಾ, ಎಣ್ಣೆ ಅಂಗಡಿಯೋರ ಬಂಡಿಗೇ ಎಣ್ಣೆ ಲೇದಾ?”

ಚಿಕ್ಕಪ್ಪನ ಕಿವಿ ಕೆಂಪಾಯಿತು. ಹಿಂದಿನಿಂದ ಇಂಜಿನ್ ಎಣ್ಣೆಯ ಡಬ್ಬ ತೆಗೆದು, ಅವಳು ನೋಡುತ್ತಿರುವಂತೆಯೇ ಧಾರಾಳವಾಗಿ ಸುರಿದ. ಮಣಿಕಟ್ಟು ಬಾಗಿತು. ಮನೆಗೆ ಬರುವಷ್ಟರಲ್ಲಿ ಮುಳ್ಳು ಮತ್ತೆ ಎರಡು ಸಲ ನಡುಗಿತು.

ಸುದ್ದಿ ಅಪ್ಪನಿಗೆ ನಮಗಿಂತ ಮೊದಲೇ ತಲುಪಿತ್ತು.

“ಸಿರಾದ ಸಾಹೇಬ್ರು ಆವತ್ತಿಂದ ಈ ಕಾರು ಕೇಳ್ತಾವ್ರೆ ಕಣ್ಲಾ,” ಎಂದ ಅಪ್ಪ. “ಇಂಜಿನ್ನು ಉಸಿರಾಡ್ತಾ ಇರವಾಗ್ಲೇ ಕೊಟ್ಬುಡಾನ. ಈ ಶುಕ್ರವಾರ ನಮಾಜು ಮುಗಿಸ್ಕೊಂಡು ಬತ್ತಾರೆ.”

“ಅಣ್ಣಾ, ಅದು ನಂದು.”

“ನಿಂದೇ. ಸತ್ತೋದ್ ಮ್ಯಾಲೂ ನಿಂದೇ. ಏನ್ ಮಾಡ್ತೀಯ, ಕೋಳಿ ಕೂಡ್ತೀಯ ಅದ್ರೊಳಗೆ?”

ಚಿಕ್ಕಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ. “ಕಾಯಿಲೆ ಏನು ಅಂತ ಯಾರೂ ನೋಡೇ ಇಲ್ಲ, ಆಗಲೇ ಹೆಣ ಎತ್ತೋ ಮಾತು. ಶುಕ್ರವಾರ ಮುಳ್ಳು ಬೀಳದೆ ಇದ್ರೆ?”

ಅಪ್ಪ ನನ್ನ ಕಡೆ ತಿರುಗಿದ. “ಸಾಹೇಬ್ರ ಎದುರಿಗೇ ಚನ್ನರಾಯನದುರ್ಗದ ತಿರುವಲ್ಲಿ ಓಡಿಸ್ಲಿ, ನಾನೇ ಪಕ್ಕದಾಗೆ ಕುಂತು ನೋಡ್ತೀನಿ. ಬೀಳ್ನಿಲ್ವ, ಕಾರು ಮನೇಲೇ ಇರ್ತದೆ. ಬಿತ್ತಾ, ಅವತ್ತೇ ಸಿರಾಕ್ಕೆ. ಮಾತಂದ್ರೆ ಮಾತು.”

ಬೆಟ್ಟವನ್ನು ಬಳಸಿಕೊಂಡು ಹೋಗುವ ಆ ಉದ್ದ ತಿರುವಿನಲ್ಲಿ ಮುಳ್ಳು ಬೀಳದೆ ಇದ್ದದ್ದೇ ಇಲ್ಲ. ಅಪ್ಪ ತಿಳಿದೇ ಅದನ್ನು ಆರಿಸಿದ್ದ.

ಮಾರನೆಯ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ವಾದ ಶುರುವಾಯಿತು. ಎಣ್ಣೆ ಸಾಲದು, ಅದಕ್ಕೇ ಮುಳ್ಳು ಬೀಳುತ್ತದೆ ಎಂಬುದು ಚಿಕ್ಕಪ್ಪನ ವಾದ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಹೊರಗೆಳೆದು ಅವನ ಮುಂದೆ ಹಿಡಿದೆ. ಕಡ್ಡಿಯಲ್ಲಿ ಎರಡು ಗೀರು: ಎಣ್ಣೆ ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ನಮ್ಮ ಎಣ್ಣೆ ಮೇಲಿನ ಗೀರನ್ನು ದಾಟಿ ಬೆರಳಗಲ ಮೇಲಿತ್ತು.

“ಇದೇನು?”

“ಅದಾ? ಕೊಸರು.”

“ಇಂಜಿನ್ನು ಗಿರಾಕಿ ಅಲ್ಲ ಚಿಕ್ಕಪ್ಪ. ಕೊಸರು ಕೊಡಲಿಲ್ಲ ಅಂತ ಬೇರೆ ಅಂಗಡಿಗೆ ಹೋಗಲ್ಲ.”

“ಲೇ, ಜಾಸ್ತಿ ಆದ್ರೆ ಏನ್ ನಷ್ಟ ಹೇಳು. ಎಣ್ಣೆ ಜಾಸ್ತಿ ಆಗಿ ಕೆಟ್ಟಿದ್ದು ಯಾವ್ದಾದ್ರೂ ಐತಾ ಪ್ರಪಂಚದಾಗೆ?”

ಪ್ರಶ್ನೆ ಚೆನ್ನಾಗಿಯೇ ಇತ್ತು. ಉತ್ತರ ಬಾಯಲ್ಲಿ ಕೊಟ್ಟರೆ ಪ್ರಯೋಜನವಿಲ್ಲ ಎನಿಸಿ, ಕೊರಟಗೆರೆ ದಾರಿಯಲ್ಲಿ ಒಂದಿಷ್ಟು ದೂರ ಜೋರಾಗಿ ಓಡಿಸಲು ಹೇಳಿದೆ. ಮುಳ್ಳು ನಡುಗಿದ ಕೂಡಲೇ ನಿಲ್ಲಿಸಿ ಕಡ್ಡಿ ಎಳೆದೆವು. ಕಡ್ಡಿಯ ತುಂಬ ಗುಳ್ಳೆ, ಮಜ್ಜಿಗೆ ಕಡೆದ ಕಡಗೋಲಿನ ಹಾಗೆ. ತಳದಲ್ಲಿ ಎಣ್ಣೆ ವಿಪರೀತವಾದದ್ದರಿಂದ ಮೇಲೆ ತಿರುಗುವ ಕ್ರ್ಯಾಂಕು ಅದರಲ್ಲಿ ಮುಳುಗಿ ಕಡೆಯುತ್ತಿತ್ತು. ಪಂಪು ಎಣ್ಣೆಯ ಬದಲು ನೊರೆ ಹೀರುತ್ತಿತ್ತು. ಎಣ್ಣೆ ಇಲ್ಲವೆಂದು ಮುಳ್ಳು ಬಿದ್ದಷ್ಟೂ ಇವನು ಸುರಿಯುವುದು, ಸುರಿದಷ್ಟೂ ಮುಳ್ಳು ಬೀಳುವುದು.

ಚಿಕ್ಕಪ್ಪ ಗುಳ್ಳೆಗಳನ್ನು ಬೆರಳಿನಿಂದ ಒರೆಸಿ ನೋಡಿದ. “ಸರಿ. ಆದ್ರೆ ಹಾಕಿದ್ ಎಣ್ಣೆ ವಾಪಸ್ ತೆಗೆಯಕ್ಕೆ ನನ್ ಕೈಲಾಗಲ್ಲ ಕಣಮ್ಮ. ನಮ್ಮನೇಲಿ ಅದು ಯಾರೂ ಮಾಡಿಲ್ಲ.”

“ನಾನು ಮಾಡ್ತೀನಿ.”

ಕಾರನ್ನು ಹಲಗೆಗಳ ಮೇಲೆ ಹತ್ತಿಸಿ, ಸೀರೆ ಎತ್ತಿ ಕಟ್ಟಿ, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದೆ. ತಳದ ಬಿರಟೆ ಸಡಿಲಿಸಿದಾಗ ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಮೇಲೆ ಕಡ್ಡಿ ಹಿಡಿದ ಚಿಕ್ಕಪ್ಪ “ಸಾಕು, ಸಾಕು” ಎನ್ನುತ್ತಲೇ ಇದ್ದ. ಗೀರಿಗೆ ಸರಿಯಾಗುವ ತನಕ ನಾನು ಬಿಡಲಿಲ್ಲ.

ಇನ್ನು ಟೈರು. ನೇರ ರಸ್ತೆಯಲ್ಲಿ ಈಗ ಮುಳ್ಳು ನೆಟ್ಟಗೆ ನಿಂತಿತ್ತು, ಆದರೆ ಕಾರು ಮಾತ್ರ ತಿರುವುಗಳಲ್ಲಿ ಮಿಡತೆಯ ಹಾಗೆ ಹಾರಿ ಹಾರಿ ರಸ್ತೆಯಂಚಿಗೆ ಜಾರುತ್ತಿತ್ತು. ಈ ಸ್ಥಿತಿಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಬೆಟ್ಟದ ತಿರುವಿಗೆ ಹೋದರೆ ಮುಳ್ಳು ಬೀಳುವ ಮೊದಲು ಅಪ್ಪನೇ ಬೀಳುತ್ತಿದ್ದ. ಗಾಳಿ ತುಂಬಿದವರು ಸಿರಾದ ಅದೇ ಸಾಹೇಬರು. ಹೆದ್ದಾರಿಯ ಪಕ್ಕ ಅವರದು ಲಾರಿ ಟೈರಿನ ಅಂಗಡಿ. ಕೊಳ್ಳುವವರೇ ಗಾಳಿ ಹಾಕುವವರೂ ಆದರೆ ನ್ಯಾಯವೆಲ್ಲಿ ಎಂದು ನಾನು ಸಿದ್ಧವಾಗಿಯೇ ಹೋದೆ. ಸಾಹೇಬರು ಟೈರನ್ನು ಕಬ್ಬಿಣದ ಸಲಾಕೆಯಿಂದ ಬಡಿದು, ‘ಟಣ್’ ಎಂದಾಗ ಮಗುವಿನ ಕೆನ್ನೆ ತಟ್ಟಿದವರ ಹಾಗೆ ನಕ್ಕರು.

“ಕೇಳು ಬೇಟಿ, ಗಂಟೆ ಇದ್ದಂಗೆ. ನನ್ ಅಂಗಡೀದು ಗಾಳಿ ಅಂದ್ರೆ ಪೂನಾ ತಂಕ ನೋಡೋದೇ ಬೇಡ.”

“ಅದು ಲೋಡು ಹೊತ್ತ ಲಾರಿಗೆ, ಸಾಹೇಬ್ರೇ. ಇದನ್ನ ನಾಲ್ಕು ಜನ ಎತ್ತಿ ಇಡ್ತಾರೆ.”

“ಕಮ್ಮಿ ಗಾಳಿ ಹಾಕಿದ್ರೆ ಟೈರು ಹಾಳಾಗ್ತದೆ. ಎಲ್ಲಾರ್ಗೂ ಗೊತ್ತು.”

ನನಗೆ ಬೇಕಿದ್ದ ಮಾತು ಸಿಕ್ಕಿತು. ಚೀಲದಿಂದ ಸೀಮೆಸುಣ್ಣ ತೆಗೆದು ನಾಲ್ಕೂ ಟೈರುಗಳ ಮೇಲೆ, ಈ ಅಂಚಿನಿಂದ ಆ ಅಂಚಿಗೆ ದಪ್ಪ ಗೆರೆ ಎಳೆದೆ. ಚಿಕ್ಕಪ್ಪ ಡಾಂಬರು ರಸ್ತೆಯಲ್ಲಿ ಹೋಗಿ ಬಂದ. ಗೆರೆ ನಡುವೆ ಮಾತ್ರ ಅಳಿಸಿತ್ತು, ಎರಡು ಅಂಚಿನಲ್ಲೂ ಹಾಗೇ ಬೆಳ್ಳಗಿತ್ತು. ಉಬ್ಬಿದ ಟೈರು ಹೊಟ್ಟೆಯ ಮೇಲಷ್ಟೇ ನಿಂತಿತ್ತು, ರಸ್ತೆಯನ್ನು ಹಿಡಿದಿರಲಿಲ್ಲ. ಸಾಹೇಬರು ಬಗ್ಗಿ, ಗೆರೆಯ ಮೇಲೆ ಬೆರಳಾಡಿಸಿ, “ಅರೇ!” ಎಂದರು. ಆಮೇಲೆ ನನಗಿಂತ ಅವರಿಗೇ ಹಟ ಹತ್ತಿತು. ಗಾಳಿ ಬಿಡುವುದು, ಗೆರೆ ಎಳೆಯುವುದು, ಓಡಿಸುವುದು. ಗೆರೆ ಉದ್ದಕ್ಕೂ ಒಂದೇ ಸಮ ಅಳಿಸುವವರೆಗೆ ಬಿಡಲಿಲ್ಲ. ನಾವಿಬ್ಬರೂ ಕೂರುವುದು ಹಿಂದಿನ ಚಕ್ರಗಳ ಹತ್ತಿರವಾದ್ದರಿಂದ ಅವಕ್ಕೆ ಮುಂದಿನವಕ್ಕಿಂತ ಒಂದು ಚೂರು ಹೆಚ್ಚು ಬೇಕಾಯಿತು. ಅವರ ಮೇಲಿಟ್ಟಿದ್ದ ಅನುಮಾನವನ್ನು ನಾನು ಅಲ್ಲಿಯೇ ಬಿಟ್ಟುಬಂದೆ. ಲಾರಿಯವರಿಗೆ ಹಾಕಿ ಹಾಕಿ ಬಂದ ಕೈ ಅದು, ಅಷ್ಟೆ.

ಗೆದ್ದೆವು ಎಂದುಕೊಂಡೇ ಗುರುವಾರ ಚನ್ನರಾಯನದುರ್ಗಕ್ಕೆ ಹೋದೆವು. ಕಾರು ತಿರುವನ್ನು ಉಡದ ಹಾಗೆ ಕಚ್ಚಿಕೊಂಡು ಹೋಯಿತು. ಚಿಕ್ಕಪ್ಪ ಹಿಂದೆಂದೂ ಹೋಗದ ವೇಗದಲ್ಲಿ ಹೋದ. ತಿರುವಿನ ನಟ್ಟನಡುವೆ ಮುಳ್ಳು ಸೊನ್ನೆಗೆ ಬಿತ್ತು.

ಇಂಜಿನ್ನು ಆರಿಸಿ ರಸ್ತೆಯ ಪಕ್ಕದ ಬಂಡೆಯ ಮೇಲೆ ಕುಳಿತೆವು. ಕಡ್ಡಿಯಲ್ಲಿ ಗುಳ್ಳೆ ಇರಲಿಲ್ಲ. ಎಣ್ಣೆ ಗೀರಿಗೆ ಸರಿಯಾಗಿತ್ತು.

“ಬುಡು,” ಎಂದ ಚಿಕ್ಕಪ್ಪ. “ಸಾಹೇಬ್ರು ಚೆನ್ನಾಗ್ ನೋಡ್ಕೊತಾರೆ.”

“ಬಿಡಲ್ಲ. ನೇರ ದಾರೀಲಿ ಬೀಳಲ್ಲ, ಸಣ್ಣ ತಿರುವಲ್ಲಿ ಬೀಳಲ್ಲ, ಉದ್ದ ತಿರುವಲ್ಲಿ ಮಾತ್ರ ಬೀಳುತ್ತೆ. ಯಾಕೆ? ನೀನು ತಿರುವಲ್ಲಿ ಹೋಗುವಾಗ ನಾನು ಎತ್ತ ಒರಗ್ತೀನಿ?”

“ಬಾಗಿಲ ಕಡೀಕೆ.”

“ಎಣ್ಣೆ?”

ಅವನು ಬಗ್ಗಿ ಕಾರಿನ ತಳ ನೋಡಿದ. ತಳದಲ್ಲಿ ಎಣ್ಣೆ ಹೀರುವ ಕೊಳವೆ ನಡುವೆ ಇದೆ, ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಓಡಿದರೆ ಕೊಳವೆಗೆ ಸಿಗುವುದು ಗಾಳಿ. ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿದಷ್ಟೂ ತಿರುವಿನಲ್ಲಿ ವೇಗ ಹೆಚ್ಚುತ್ತದೆ, ಎಣ್ಣೆ ಓಡುವುದೂ ಹೆಚ್ಚುತ್ತದೆ. ಒಂದನ್ನು ಸರಿಮಾಡಿ ಇನ್ನೊಂದನ್ನು ನಾವೇ ಕೆರಳಿಸಿದ್ದೆವು. ಕಾರಣ ನನ್ನ ಕೈಯಲ್ಲಿತ್ತು, ಪರಿಹಾರ ಇರಲಿಲ್ಲ. ಕೊಸರು ಹಾಕಿದರೆ ನೊರೆ, ಹಾಕದಿದ್ದರೆ ಬರಿ ಕೊಳವೆ.

“ನಿಧಾನಕ್ಕೆ ಹೋಗು ನಾಳೆ,” ಎಂದೆ ಕೊನೆಗೆ, ಸೋತ ದನಿಯಲ್ಲಿ.

“ನಿಧಾನಕ್ಕೆ ಹೋಗಕ್ಕೆ ಎತ್ತಿನ ಗಾಡಿ ಐತಲ್ಲ,” ಎಂದವನು ತಟ್ಟನೆ ತಿರುಗಿದ. ನನ್ನ ಮುಖವನ್ನೇ ನೋಡಿದ. “ಲೇ. ಗಾಡಿ. ಗಾಡೀಲಿ ಎಣ್ಣೆ ಹೆಂಗ್ ಸಾಗಿಸ್ತೀವಿ ನಾವು?”

ಕೊರಟಗೆರೆಗೆ, ಕೊಳಾಲಕ್ಕೆ ನಮ್ಮ ಎಣ್ಣೆ ಹೋಗುತ್ತಿದ್ದದ್ದು ಗಾಡಿಯ ಮೇಲಿನ ದೊಡ್ಡ ತಗಡಿನ ತೊಟ್ಟಿಯಲ್ಲಿ. ಹಳ್ಳ ದಿಣ್ಣೆಯಲ್ಲಿ ಎಣ್ಣೆ ಒಂದು ಕಡೆಗೆ ನುಗ್ಗಿ ಗಾಡಿಯನ್ನೇ ಮಗುಚದಿರಲೆಂದು ತೊಟ್ಟಿಯೊಳಗೆ ಅಡ್ಡ ತಗಡುಗಳಿದ್ದವು. ಎಣ್ಣೆ ಮೆಲ್ಲಗೆ ಅತ್ತಿತ್ತ ಸೇರಲೆಂದು ಅವುಗಳ ಬುಡದಲ್ಲಿ ತೂತುಗಳು. ನಾನು ಹುಟ್ಟಿದಾಗಿನಿಂದ ನೋಡಿದ ತೊಟ್ಟಿ. ನನಗೆ ಹೊಳೆದಿರಲಿಲ್ಲ, ಅವನಿಗೆ ಹೊಳೆಯಿತು.

“ಈಗ ನೀನೂ ನನ್ ಮಾತು ಕೇಳು,” ಎಂದ ಚಿಕ್ಕಪ್ಪ. ಅವನ ದನಿ ಬದಲಾಗಿತ್ತು.

ಆ ಮಧ್ಯಾಹ್ನವೆಲ್ಲ ಇಂಜಿನ್ನಿನ ತಳದ ತಟ್ಟೆ ಬಿಚ್ಚಿ, ಗಿರಣಿಯ ರಿಪೇರಿ ಕೋಣೆಯಲ್ಲಿ ಕೊಳವೆಯ ಸುತ್ತ ತಗಡಿನ ಗೋಡೆ ಎಬ್ಬಿಸಿದೆವು. ಬುಡದ ತೂತು ಎಷ್ಟಿರಬೇಕೆಂಬುದಕ್ಕೂ ಜಗಳವಾಡಿದೆವು. ದೊಡ್ಡದಾದರೆ ಎಣ್ಣೆ ನಿಲ್ಲುವುದಿಲ್ಲ ಎಂದು ನಾನು, ಚಿಕ್ಕದಾದರೆ ಒಳಗೆ ಬರುವುದಿಲ್ಲ ಎಂದು ಅವನು. ತಟ್ಟೆಗೆ ಎಣ್ಣೆ ಹಾಕಿ, ಓರೆ ಹಿಡಿದು, ನೋಡಿ ತೀರ್ಮಾನಿಸಿದೆವು.

ಶುಕ್ರವಾರ ಸಾಹೇಬರು ಜೀಪಿನಲ್ಲಿ ಬಂದರು. ಕಾರಿನಲ್ಲಿ ಇಬ್ಬರಿಗಷ್ಟೇ ಜಾಗ; ಚಿಕ್ಕಪ್ಪ, ಪಕ್ಕದಲ್ಲಿ ಅಪ್ಪ. ತಿರುವು ಕಾಣುವ ಕಡೆ ಜೀಪು ನಿಲ್ಲಿಸಿಕೊಂಡು ನಾನೂ ಸಾಹೇಬರೂ ಕಾದೆವು.

“ದುವಾ ಮಾಡ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ ಬೇಟಿ,” ಎಂದರು ಸಾಹೇಬರು ಗಡ್ಡ ನೀವುತ್ತ. “ಮುಳ್ಳು ಬಿದ್ರೆ ಗಾಡಿ ನಂದು, ಇಂಜಿನ್ ಬೀಮಾರ್. ಬೀಳ್ದಿದ್ರೆ ಇಂಜಿನ್ ಅಚ್ಛಾ, ಗಾಡಿ ನಿಮ್ದು.”

“ಟೈರಿನ ಗಾಳಿ ಮಾತ್ರ ಹೇಗಾದ್ರೂ ನಿಮ್ಮದೇ, ಸಾಹೇಬ್ರೇ.”

ಅವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಕಾರು ಬೆಟ್ಟದ ಹಿಂದಿನಿಂದ ಕಾಣಿಸಿಕೊಂಡಿತು, ತಿರುವನ್ನು ಹಿಡಿಯಿತು. ಇಂಜಿನ್ನಿನ ಸದ್ದು ಒಂದೇ ಸಮನೆ ಇತ್ತು. ಅಪ್ಪ ಟೋಪಿಯನ್ನು ತೊಡೆಯ ನಡುವೆ ಒತ್ತಿ ಹಿಡಿದು, ರಸ್ತೆಯ ಕಡೆ ಒಮ್ಮೆಯೂ ನೋಡದೆ, ಮುಳ್ಳನ್ನೇ ದಿಟ್ಟಿಸುತ್ತ ಬಾಗಿದ್ದ. ನಮ್ಮ ಹತ್ತಿರ ಬಂದು ನಿಂತಾಗ ಅವನ ಕೂದಲೆಲ್ಲ ಎದ್ದು ನಿಂತಿತ್ತು.

“ಏನಾಯ್ತು?” ಎಂದೆ.

“ಬೀಳ್ನಿಲ್ಲ,” ಎಂದ ಅಪ್ಪ. ಇಳಿಯಲಿಲ್ಲ. ನನ್ನ ಕಡೆ ತಿರುಗಿದ. “ಒಂದ್ಸಲ ಬೀಳ್ನಿಲ್ಲ ಅಂದ್ರೆ ಅದು ಸಾಕ್ಷೀನಾ? ನೀನೇ ಹೇಳದಲ್ವ, ಎಲ್ಲದಕ್ಕೂ ಸಾಕ್ಷಿ ಬೇಕು ಅಂತ. ನಡೀಲಾ, ಇನ್ನೊಂದ್ ಸುತ್ತು. ಜೋರಾಗ್ ಹೋಗು.”

ಇಬ್ಬರೂ ಹೋಗಿ ಬಂದರು. ಅಪ್ಪ ಮತ್ತೊಂದು ಸುತ್ತು ಕೇಳಿದ. ಮೂರನೆಯದಕ್ಕೆ ಅವನು ಮುಳ್ಳಿನ ಕಡೆ ನೋಡುತ್ತಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಸಾಹೇಬರು ಮೊದಲಿಗಿಂತ ಹೆಚ್ಚು ಕೊಡುತ್ತೇನೆಂದರು. “ಕಾಯಿಲೆ ಮೇಕೆ ನೋಡೋಕೆ ಕರ್ದು ಕುದುರೆ ತೋರಿಸ್ತೀರಲ್ಲ ಯಜಮಾನ್ರೇ!”

“ಕೆಟ್ರೆ ಕೊಡ್ತೀನಿ ಅಂದಿದ್ದೆ ಸಾಹೇಬ್ರೇ,” ಎಂದ ಅಪ್ಪ ಟೋಪಿ ಸರಿಮಾಡಿಕೊಳ್ಳುತ್ತ. “ಕೆಟ್ಟಿಲ್ವಲ್ಲ. ಅದು ನನ್ ತಮ್ಮಂದು.”

ರಜೆ ಮುಗಿಯುವ ಮುನ್ನ ಒಂದು ಬೆಳಿಗ್ಗೆ ಚಿಕ್ಕಪ್ಪ ಕಡ್ಡಿ ನೋಡಿ ಎಣ್ಣೆ ಹಾಕುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಎಣ್ಣೆ ಗೀರಿಗೆ ಬಂತು. ಕೈ ನಿಂತಿತು. ಮಣಿಕಟ್ಟು ತಾನಾಗಿ ಬಾಗಲು ಹೊರಟಿತು, ನನ್ನನ್ನು ನೋಡಿ ತಡೆಯಿತು. ಡಬ್ಬದ ಬಾಯಲ್ಲಿ ಧಾರೆ ತೊಟ್ಟಿಕ್ಕುತ್ತಿತ್ತು. ಅವನು ಡಬ್ಬ ಹಿಡಿದುಕೊಂಡೇ ಗಿರಣಿಯ ಗೇಟಿನವರೆಗೆ ನಡೆದು, ತುಕ್ಕು ಹಿಡಿದ ಕೀಲಿನ ಮೇಲೆ ಆ ಕೊಸರನ್ನು ಹಾಕಿ ಬಂದ.